ಮಳೆಗಾಲ ಕಳೆದ ಜೋಡು ನಳಿಗೆ ಕೋವಿ: ಕೈಲ್ ಮುಹೂರ್ತಕ್ಕೆ ಮುಂಚಿನ ಶುಚಿ ಕೆಲಸ ಮತ್ತು ಹೊಸಬರ ಕೈ ತಪ್ಪುವ ಜಾಗಗಳು

ಕೊಡಗಿನ ಮನೆಗಳಲ್ಲಿ ಕೋವಿಗೆ ಕೆಲಸವಿರುವುದು ವರ್ಷದಲ್ಲಿ ಬೆರಳೆಣಿಕೆಯ ದಿನಗಳು ಮಾತ್ರ. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್ ಮುಹೂರ್ತದಲ್ಲಿ ಪೂಜೆ ಮತ್ತು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಹುತ್ತರಿಯಂದು ಕದಿರು ಕೊಯ್ಯುವಾಗ ಒಂದು ಗುಂಡು, ಮನೆಯಲ್ಲಿ ಹುಟ್ಟು ಸಾವುಗಳಾದಾಗ ಸಂಪ್ರದಾಯದ ಗುಂಡು, ಇಷ್ಟಾದರೆ ಮುಗಿಯಿತು. ಉಳಿದ ದಿನಗಳಲ್ಲಿ ಅದು ಬೀರುವಿನಲ್ಲಿ ನಿಂತಿರುತ್ತದೆ, ಮತ್ತು ಅದರ ಆಯುಷ್ಯ ಕರಗುವುದೂ ಅಲ್ಲಿಯೇ. ಜೂನ್‌ನಲ್ಲಿ ಹಿಡಿದ ಮಳೆ ಆಗಸ್ಟ್ ಮುಗಿಯುವವರೆಗೂ ಬಿಡದ ನಾಪೋಕ್ಲು, ಭಾಗಮಂಡಲ ಕಡೆಯ ಮನೆಗಳಲ್ಲಿ ಗೋಡೆಗೆ ಪಾಚಿ ಬರುವಾಗ ಉಕ್ಕಿನ ನಳಿಗೆಯ ಒಳಗೆ ಏನಾಗುತ್ತಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬಾರಿ ನಮ್ಮ ಮನೆಯ 12 ಬೋರ್ ಜೋಡು ನಳಿಗೆಯ ತೋಟೆ ಕೋವಿಯನ್ನು ಹಬ್ಬಕ್ಕೆ ಮುಂಚೆ ಬಿಚ್ಚಿ, ನೋಡಿ, ಶುಚಿ ಮಾಡಿ ಇಟ್ಟ ಕೆಲಸದ ವಿವರ ಇಲ್ಲಿದೆ. ಮನೆಯ ಇಬ್ಬರು ತರುಣರಿಗೆ ಕಲಿಸುತ್ತಾ ಮಾಡಿದ್ದರಿಂದ ಕೆಲಸ ನಿಧಾನವಾಗಿ ಸಾಗಿತು; ಹೊಸಬರ ಕೈ ಎಲ್ಲೆಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಎಂಬುದೂ ಸ್ಪಷ್ಟವಾಗಿ ಕಂಡಿತು. ನಾನು ಕಂಡಂತೆ ಹಳೆಯ ಕೋವಿಗಳು ಹಾಳಾಗಿರುವುದು ಅಲಕ್ಷ್ಯದಿಂದ ಎಷ್ಟೋ, ಅತಿಯಾದ ಆರೈಕೆಯಿಂದಲೂ ಅಷ್ಟೇ. ಹೆಚ್ಚು ಎಣ್ಣೆ, ಹೆಚ್ಚು ಉಜ್ಜುವಿಕೆ, ಬಿಚ್ಚಬಾರದ ಸ್ಕ್ರೂ ಬಿಚ್ಚುವ ಆತುರ, ಈ ಮೂರೂ ತುಕ್ಕಿಗಿಂತ ಕಡಿಮೆಯೇನಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಮನೆಯಲ್ಲಿ ಮಾಡಬಹುದಾದದ್ದಕ್ಕೂ ಮಾಡಬಾರದ್ದಕ್ಕೂ ನಡುವಿನ ಗೆರೆಯನ್ನು ತಿಳಿದಿರಬೇಕು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಆಯುಧ ಮತ್ತು ಮದ್ದುಗುಂಡುಗಳ ತಯಾರಿಕೆ, ಮಾರಾಟ, ಪರಿವರ್ತನೆ, ದುರಸ್ತಿಗಳಿಗೆ ಬೇರೆಯೇ ಪರವಾನಗಿಯನ್ನು ಕೇಳುತ್ತದೆ. ಆದ್ದರಿಂದ ಒರೆಸುವುದು, ಎಣ್ಣೆ ಹಚ್ಚುವುದು, ಪರೀಕ್ಷಿಸುವುದು ನಮ್ಮ ಕೆಲಸ. ಗುಂಡು ಹೊತ್ತಿಸುವ ಪಿನ್ನು ಬದಲಿಸುವುದು, ಕೀಲು ಬಿಗಿ ಮಾಡುವುದು, ನಳಿಗೆಯ ಗುಳಿ ಎತ್ತುವುದು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸ. ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವುದು ಇಬ್ಬರದೂ ಅಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಬಿಚ್ಚುವ ಹಂತ

ಮೊದಲ ನಿಯಮ ಎಲ್ಲರಿಗೂ ಗೊತ್ತು: ಕೋವಿ ಮುರಿದು (ಅಂದರೆ ನಳಿಗೆಯನ್ನು ಕೀಲಿನಲ್ಲಿ ಕೆಳಕ್ಕೆ ಬಗ್ಗಿಸಿ ತೆರೆದು) ತೋಟೆ ಕೂರುವ ಎರಡೂ ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಗೊತ್ತಿದ್ದೂ ಬಿಟ್ಟುಹೋಗುವುದು ಅದರ ಇನ್ನೊಂದು ಭಾಗ, ಅಂದರೆ ಕೆಲಸ ಮಾಡುವ ಕೋಣೆಯಲ್ಲಿ ಒಂದೇ ಒಂದು ತೋಟೆಯೂ ಇರಬಾರದು ಎಂಬುದು. ಕೋವಿ ಮತ್ತು ತೋಟೆ ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಶುಚಿ ಮಾಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ನಮ್ಮಲ್ಲಿ ತೋಟೆಯ ಪೆಟ್ಟಿಗೆ ಬೇರೆ ಕೋಣೆಯಲ್ಲಿ ಬೀಗದೊಳಗೆ ಉಳಿಯುತ್ತದೆ, ಕೋವಿಯ ಕೆಲಸ ಮುಗಿದು ಅದು ಬೀರು ಸೇರಿದ ಮೇಲೆಯೇ ಹೊರಬರುತ್ತದೆ.

ನಮ್ಮದು ಹೊರಗೆ ಕುದುರೆ (ಪಿನ್ನಿಗೆ ಪೆಟ್ಟು ಕೊಡುವ ಸುತ್ತಿಗೆ) ಕಾಣದ, 1875ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಪೇಟೆಂಟ್ ಪಡೆದ ಬಾಕ್ಸ್‌ಲಾಕ್ ಮಾದರಿಯದು. ನಳಿಗೆಯನ್ನು ಕೆಳಕ್ಕೆ ಮುರಿಯುವ ಚಲನೆಯೇ ಒಳಗಿನ ಕುದುರೆಗಳನ್ನು ಎತ್ತಿ ಕೂರಿಸುತ್ತದೆ. ಮುಂದಿನ ಮರವನ್ನು (ನಳಿಗೆಯ ಅಡಿಯಲ್ಲಿ ಕೈ ಹಿಡಿಯುವ ತುಂಡನ್ನು) ಕಳಚಿ, ಮೇಲಿನ ಲಿವರ್ ಒತ್ತಿ, ನಳಿಗೆ ಜೋಡಿಯನ್ನು ಎತ್ತಿದರೆ ಕೋವಿ ಮೂರು ಭಾಗವಾಗುತ್ತದೆ. ಶುಚಿ ಮಾಡಲು ಇಷ್ಟು ಸಾಕು. ಹೊಸಬರು ಸಿಕ್ಕಿಬೀಳುವ ಮೊದಲ ಜಾಗ ಇಲ್ಲೇ. ನಳಿಗೆ ಕಳಚಿದ ಮೇಲೆ ಕೈಯಲ್ಲಿ ಉಳಿದ ಹಿಂಭಾಗವನ್ನು ಹಿಡಿದವರ ಬೆರಳು ತಾನಾಗಿಯೇ ಟ್ರಿಗರ್‌ಗೆ ಹೋಗುತ್ತದೆ, ಟಕ್ ಎಂದು ಕುದುರೆ ಬೀಳುತ್ತದೆ, ಆಮೇಲೆ ಜೋಡಿಸಲು ಹೊರಟರೆ ಹಲವು ಕೋವಿಗಳಲ್ಲಿ ಮುಂದಿನ ಮರ ತನ್ನ ಜಾಗದಲ್ಲಿ ಕೂರುವುದಿಲ್ಲ. ಇಬ್ಬರಲ್ಲಿ ಕಿರಿಯವನು ಹೀಗೆಯೇ ಎರಡೂ ಟ್ರಿಗರ್ ಒತ್ತಿದ. ಆಮೇಲೆ ಮರದ ಮೇಲೆ ಅಂಗೈಯಿಂದ ಗುದ್ದಲು ಹೊರಟಾಗ ನಿಲ್ಲಿಸಬೇಕಾಯಿತು. ಗುದ್ದಿದರೆ ಮರ ಸೀಳುತ್ತದೆ, ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಹಿಂಭಾಗದ ಮುಂತುದಿಯಲ್ಲಿ, ನಳಿಗೆ ತಿರುಗುವ ದುಂಡು ಕೀಲಿನ ಹತ್ತಿರ, ನಾಲಗೆಯಂತೆ ಚಾಚಿಕೊಂಡಿರುವ ಎರಡು ಸಣ್ಣ ಉಕ್ಕಿನ ತುದಿಗಳಿರುತ್ತವೆ. ಗಟ್ಟಿ ಮರದ ಚಪ್ಪಟೆ ತುಂಡೊಂದನ್ನು ಇಟ್ಟು, ಒಂದೊಂದನ್ನಾಗಿ, ಒಳಗಿನಿಂದ ಕ್ಲಿಕ್ ಎಂಬ ಸದ್ದು ಬರುವವರೆಗೆ ಒತ್ತಿದರೆ ಕುದುರೆ ಮತ್ತೆ ಎತ್ತಿ ನಿಲ್ಲುತ್ತದೆ. ಆಮೇಲೆ ಮುಂದಿನ ಮರ ಯಾವ ಬಲವೂ ಬೇಡದೆ ಕೂರುತ್ತದೆ.

ಲಾಕ್‌ನ, ಅಂದರೆ ಕುದುರೆ ಮತ್ತು ಟ್ರಿಗರ್ ಇರುವ ಒಳಯಂತ್ರದ, ಸ್ಕ್ರೂಗಳನ್ನು ನಾವು ಮುಟ್ಟಲಿಲ್ಲ. ಆ ಸ್ಕ್ರೂಗಳ ಸೀಳು ತುಂಬಾ ತೆಳುವಾದದ್ದು. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರ್‌ನ ತುದಿ ಬೆಣೆಯಂತಿರುವುದರಿಂದ ಸೀಳಿನ ಮೇಲಂಚನ್ನು ಮಾತ್ರ ಹಿಡಿಯುತ್ತದೆ, ಜಾರಿದಾಗ ಅಂಚನ್ನು ಕಿತ್ತುಹಾಕುತ್ತದೆ, ಕೆಲವೊಮ್ಮೆ ಪಕ್ಕದ ಕೆತ್ತನೆಯನ್ನೂ ಗೀರುತ್ತದೆ. ಸ್ಕ್ರೂ ತಲೆಗಳು ತರಿದುಹೋದ ಕೋವಿಯನ್ನು ಎಲ್ಲಿ ನೋಡಿದರೂ ಅದರ ಹಿಂದೆ ಯಾರದೋ ಭಾನುವಾರದ ಉತ್ಸಾಹವಿದೆ ಎಂದು ತಿಳಿಯಬಹುದು.

ನಳಿಗೆಯ ಒಳಗೆ

ನಳಿಗೆಯೊಳಗೆ ನೋಡಲು ಟಾರ್ಚ್ ಹಾಕಿ ನೇರವಾಗಿ ಕಣ್ಣಿಟ್ಟರೆ ಎಲ್ಲವೂ ಹೊಳೆಯುತ್ತದೆ, ಏನೂ ಕಾಣುವುದಿಲ್ಲ. ಕಿಟಕಿಯ ಬೆಳಕಿಗೆ ಎದುರಾಗಿ ಒಂದು ಬಿಳಿ ಕಾಗದವನ್ನು ಹಿಡಿದು, ನಳಿಗೆಯ ಮೂಲಕ ಆ ಕಾಗದವನ್ನು ನೋಡುತ್ತಾ ನಿಧಾನವಾಗಿ ತಿರುಗಿಸಬೇಕು. ಆಗ ಒಳಗೋಡೆಯ ಮೇಲೆ ಬೆಳಕು ಮತ್ತು ನೆರಳಿನ ಉಂಗುರಗಳು ಮೂಡುತ್ತವೆ. ಉಂಗುರಗಳು ಒಂದೇ ಸಮನೆ ದುಂಡಾಗಿದ್ದರೆ ನಳಿಗೆ ನೆಟ್ಟಗಿದೆ. ಎಲ್ಲಾದರೂ ಉಂಗುರ ಒಂದು ಕಡೆ ಚಪ್ಪಟೆಯಾದರೆ ಹೊರಗಿನಿಂದ ಗುಳಿ ಬಿದ್ದಿದೆ. ಒಂದು ದಪ್ಪ ಕಪ್ಪು ಪಟ್ಟಿ ಸುತ್ತಲೂ ನಿಂತರೆ ಆ ಜಾಗದಲ್ಲಿ ನಳಿಗೆ ಉಬ್ಬಿದೆ, ಹೊರಗೆ ಬೆರಳಾಡಿಸಿದರೆ ಕೈಗೂ ತಿಳಿಯುತ್ತದೆ. ಉಬ್ಬಿದ ನಳಿಗೆಯ ಕೋವಿಯನ್ನು ಪೂಜೆಗೆ ಇಡಬಹುದು, ಹೊಡೆಯುವಂತಿಲ್ಲ.

ನಮ್ಮ ಕೋವಿಯ ಬಲ ನಳಿಗೆಯಲ್ಲಿ ಚೇಂಬರ್ ಮುಗಿಯುವಲ್ಲಿಂದ ನಾಲ್ಕು ಬೆರಳಷ್ಟು ಮುಂದೆ ಕಪ್ಪು ಚುಕ್ಕೆಗಳ ಸಾಲೊಂದು ಕಂಡಿತು. ಇಂಥದ್ದನ್ನು ಕಂಡ ಕೂಡಲೇ ಉಜ್ಜಿ ತೆಗೆಯಬೇಕೆಂಬ ಹಟ ಬರುತ್ತದೆ. ಮೊದಲು ಅದು ಕೊಳೆಯೋ ಗುಳಿಯೋ ಎಂದು ನಿರ್ಧರಿಸಬೇಕು. ಫಾಸ್ಫರ್ ಬ್ರಾಂಜ್ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚೇಂಬರ್ ಕಡೆಯಿಂದ ಬಾಯಿಯ ಕಡೆಗೆ ಪೂರ್ತಿ ಹೊರಬರುವಂತೆ ಕೆಲವು ಬಾರಿ ನೂಕಿ, ಬಿಳಿ ಬಟ್ಟೆಯಿಂದ ಒರೆಸಿ ಮತ್ತೆ ನೋಡಿದರೆ ಉತ್ತರ ಸಿಗುತ್ತದೆ. ಸೀಸದ ಲೇಪವಾಗಿದ್ದರೆ ಬೂದು ಬಣ್ಣದ ಗೆರೆಗಳು ತೆಳುವಾಗುತ್ತಾ ಹೋಗುತ್ತವೆ, ಬಟ್ಟೆಯಲ್ಲಿ ಬೆಳ್ಳಿಯ ಹೊಟ್ಟಿನಂಥ ಚೂರುಗಳು ಬರುತ್ತವೆ. ಪ್ಲಾಸ್ಟಿಕ್ ವಾಡ್ (ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿಲ್ಲೆ) ಬಿಟ್ಟ ಲೇಪವಾಗಿದ್ದರೆ ಉದ್ದನೆಯ ಪೊರೆಯಂತೆ ಕಳಚುತ್ತದೆ. ಚುಕ್ಕೆಗಳು ಇದ್ದಲ್ಲೇ, ಇದ್ದಷ್ಟೇ ಉಳಿದರೆ ಅದು ತುಕ್ಕು ತಿಂದ ಗುಳಿ. ಅದನ್ನು ಉಜ್ಜಿ ತೆಗೆಯಬೇಕೆಂದರೆ ಸುತ್ತಲಿನ ಉಕ್ಕನ್ನೆಲ್ಲ ಆ ಗುಳಿಯ ಆಳಕ್ಕೆ ಇಳಿಸಬೇಕಾಗುತ್ತದೆ. ನಮ್ಮದು ಬಹುಪಾಲು ಸೀಸವೇ ಆಗಿತ್ತು. ಎರಡು ಸಣ್ಣ ಗುಳಿಗಳು ಉಳಿದವು, ಅವುಗಳ ಜಾಗವನ್ನು ಪುಸ್ತಕದಲ್ಲಿ ಬರೆದಿಟ್ಟೆವು.

ಬ್ರಷ್ಷನ್ನು ನಳಿಗೆಯ ಮಧ್ಯದಲ್ಲಿ ಹಿಂದಕ್ಕೆಳೆಯಲು ಹೋದರೆ ಕೂದಲುಗಳು ಮಡಚಿ ಸಿಕ್ಕಿಹಾಕಿಕೊಳ್ಳುತ್ತವೆ. ಬಾಯಿಯ ಕಡೆಯಿಂದ ನೂಕಿದರೆ ಕೊಳೆಯೆಲ್ಲ ಚೇಂಬರ್‌ಗೆ, ತೋಟೆಯನ್ನು ಹೊರತಳ್ಳುವ ಎಕ್ಸ್‌ಟ್ರ್ಯಾಕ್ಟರ್‌ನ ಸಂದಿಗೆ ಬಂದು ಸೇರುತ್ತದೆ. ಉಕ್ಕಿನ ತಂತಿಯ ಬ್ರಷ್ ಮಾತ್ರ ಯಾವ ಕಾರಣಕ್ಕೂ ಬೇಡ.

ಸೀಮೆಎಣ್ಣೆ, ಎಣ್ಣೆ ಇವುಗಳಿಂದ ಎಲ್ಲವೂ ಹೋಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಹಳೆಯ ಕಾಲದ ಕೇಪುಗಳಲ್ಲಿ (ಪೆಟ್ಟು ಬಿದ್ದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಸಣ್ಣ ಬಟ್ಟಲುಗಳಲ್ಲಿ) ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಉಳಿಯುವುದು ಪೊಟಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಮೇಲೆ ಎಣ್ಣೆ ಹಚ್ಚಿದರೆ ಅದು ಎಣ್ಣೆಯ ಅಡಿಯಲ್ಲಿಯೇ ಕುಳಿತು, ಮಳೆಗಾಲದ ಗಾಳಿಯಿಂದ ನೀರನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತಾ ಹೋಗುತ್ತದೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಹಬ್ಬಕ್ಕೆ ಕರಿಮದ್ದು ಹಾಕಿ ಹೊಡೆಯುವವರ ಸಮಸ್ಯೆಯೂ ಇದೇ, ಇನ್ನೂ ಹೆಚ್ಚಿನ ಪ್ರಮಾಣದಲ್ಲಿ. ಕರಿಮದ್ದಿನ ಮಸಿ ನೀರಿಗೆ ಮಾತ್ರ ಬಿಡುತ್ತದೆ. ಅದರ ಮೇಲೆ ಯಂತ್ರದ ಎಣ್ಣೆ ಬಿದ್ದರೆ ಡಾಂಬರಿನಂತೆ ಅಂಟುತ್ತದೆ. ಹೊಡೆದ ದಿನವೇ ನಳಿಗೆಯನ್ನು ಮರದಿಂದ ಬೇರ್ಪಡಿಸಿ, ಕುದಿಯುವ ನೀರು ಹೊಯ್ದು, ಬಟ್ಟೆಯಿಂದ ಎಳೆದು, ಆ ಬಿಸಿಗೆ ಉಕ್ಕು ತಾನೇ ಒಣಗಿದ ಮೇಲೆ ಎಣ್ಣೆ ಹಚ್ಚಬೇಕು. ತಣ್ಣೀರಾದರೆ ಸಂದಿಯಲ್ಲಿ ತೇವ ಉಳಿಯುತ್ತದೆ, ಅದಕ್ಕಾಗಿಯೇ ಕುದಿಯುವ ನೀರು ಎನ್ನುವುದು. ಉಕ್ಕಿಗೆ ನೀರು ತಾಕಿಸಬಾರದು ಎಂದು ಹೆದರಿ ಒಣ ಬಟ್ಟೆಯಲ್ಲಿ ಒರೆಸಿ ಮೂಲೆಗಿಟ್ಟ ಕೇಪಿನ ಕೋವಿಗಳ ಒಳಗನ್ನು ನೋಡಿದರೆ ನಿಜವಾಗಿ ದುಃಖವಾಗುತ್ತದೆ.

ಜೋಡು ನಳಿಗೆಯ ಕೋವಿಗೆ ಇನ್ನೊಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಗಳನ್ನೂ ಸೀಸ ಮತ್ತು ತವರದ ಬೆಸುಗೆಯಿಂದ ಜೋಡಿಸಿರುತ್ತಾರೆ. ನಳಿಗೆ ಜೋಡಿಯನ್ನು ಅಡಿಯ ಕೊಕ್ಕೆಗೆ ದಾರ ಕಟ್ಟಿ ತೂಗುಹಾಕಿ ಬೆರಳಗೆಣ್ಣಿನಿಂದ ಮೆಲ್ಲನೆ ತಟ್ಟಿದರೆ, ಬೆಸುಗೆ ಗಟ್ಟಿಯಾಗಿದ್ದಲ್ಲಿ ಗಂಟೆಯ ನಾದ ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಎಲ್ಲಾದರೂ ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ನಮ್ಮದು ಚೆನ್ನಾಗಿ ನುಡಿಯಿತು. ಬಿಟ್ಟ ಬೆಸುಗೆಯ ಕೆಳಗೆ ನೀರು ಸೇರಿದರೆ ಅದು ಒಳಗಿನಿಂದಲೇ ನಳಿಗೆಯನ್ನು ತಿನ್ನುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಆ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಿಂದಲೇ ಮೆತ್ತಗಾಗತೊಡಗುತ್ತದೆ ಎಂಬುದನ್ನು ನೆನಪಿಟ್ಟರೆ, ತೇವ ಆರಲೆಂದು ನಳಿಗೆಯನ್ನು ಒಲೆಯ ಕೆಂಡದ ಹತ್ತಿರ ಇಡುವುದು ಎಂಥ ಕೆಲಸ ಎಂಬುದು ತಿಳಿಯುತ್ತದೆ. ಹೊಸದಾಗಿ ಕಾಣಲೆಂದು ಬಿಸಿ ಕ್ಷಾರದ ತೊಟ್ಟಿಯಲ್ಲಿ ಅದ್ದಿ ನೀಲಿ ಬಣ್ಣ ಹಾಕಿಸುವುದೂ ಜೋಡು ನಳಿಗೆಗೆ ಸಲ್ಲದು. ಆ ಕ್ಷಾರ ಬೆಸುಗೆಯನ್ನು ತಿನ್ನುತ್ತದೆ.

ಹೊರಮೈ, ಮರ, ಎಣ್ಣೆ

ನಳಿಗೆಯ ಹೊರಗಿನ ನೀಲಿಗಪ್ಪು ಬಣ್ಣ ಪೇಂಟ್ ಅಲ್ಲ. ಅದೂ ಕಬ್ಬಿಣದ ಒಂದು ಆಕ್ಸೈಡ್, ಹತೋಟಿಯಲ್ಲಿ ಬೆಳೆಸಿದ ತೆಳು ಪದರ. ತುಕ್ಕನ್ನು ಕರಗಿಸುವ ಯಾವ ಹುಳಿಯಾದರೂ ಅದನ್ನೂ ಕರಗಿಸುತ್ತದೆ. ಹಬ್ಬದ ಹಿಂದಿನ ದಿನ ತೂಗುದೀಪ, ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ಕೈಯೇ ಕೋವಿಗೂ ಬಂದರೆ, ಅಥವಾ ಅಡುಗೆಮನೆಯ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಒಂದು ಹನಿ ಹಾಕಿ ನೋಡೋಣ ಎನಿಸಿದರೆ, ತುಕ್ಕಿನ ಜೊತೆಗೆ ಬಣ್ಣವೂ ಹೋಗಿ ಬೂದುಬಣ್ಣದ ಬೋಳು ಉಕ್ಕು ಉಳಿಯುತ್ತದೆ, ಮುಂದಿನ ಮಳೆಗೆ ಅಲ್ಲಿಯೇ ಮೊದಲು ತುಕ್ಕು ಹಿಡಿಯುತ್ತದೆ. ನಮ್ಮ ಎಡ ನಳಿಗೆಯ ಮೇಲೆ ಹೆಬ್ಬೆರಳಿನ ಅಚ್ಚಿನಷ್ಟೇ ಅಗಲದ ಕೆಂಪು ತುಕ್ಕು ಇತ್ತು. ನಿಜಕ್ಕೂ ಅದು ಹೆಬ್ಬೆರಳಿನದ್ದೇ. ಹಿಂದಿನ ಬಾರಿ ಒರೆಸದೆ ಒಳಗಿಟ್ಟ ಬೆವರಿನ ಗುರುತು. ಅತಿ ನಯವಾದ ನಾಲ್ಕು ಸೊನ್ನೆ (0000) ನಂಬರಿನ ಉಕ್ಕಿನ ನೂಲನ್ನು ತೆಳು ಎಣ್ಣೆಯಲ್ಲಿ ನೆನೆಸಿ, ಒತ್ತದೆ, ಒಂದೇ ದಿಕ್ಕಿನಲ್ಲಿ ಸವರುತ್ತಾ, ಕೆಂಪು ಬಿಡುತ್ತಿದ್ದಂತೆ ನಿಲ್ಲಿಸಿದೆವು. ಕೆಳಗೆ ಸ್ವಲ್ಪ ಮಸುಕು ಉಳಿದಿದೆ. ಅದು ಇರಲಿ. ಮರಳು ಕಾಗದ ಹಚ್ಚಿದ್ದರೆ ಮಸುಕು ಹೋಗುತ್ತಿತ್ತು, ಬಣ್ಣವೂ ಹೋಗುತ್ತಿತ್ತು.

ಎಣ್ಣೆಯ ವಿಷಯ ದೊಡ್ಡದು. ಕೈಗೆ ಸಿಕ್ಕುವುದು ಕೊಬ್ಬರಿ ಎಣ್ಣೆ. ಹಲವು ಮನೆಗಳಲ್ಲಿ ಹಿಂದಿನಿಂದಲೂ ಅದೇ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಕೊಡಗಿನಲ್ಲಿ ಬಾಟಲಿಯೊಳಗೆ ಬೆಣ್ಣೆಯಾಗಿ ನಿಲ್ಲುವ ಎಣ್ಣೆ ಕೋವಿಯ ಪಿನ್ನಿನ ಸುತ್ತಲೂ ಹಾಗೆಯೇ ನಿಲ್ಲುತ್ತದೆ. ಜೊತೆಗೆ ಗಾಳಿಗೆ ಕಾಲಕ್ರಮದಲ್ಲಿ ಕೆಟ್ಟು ಅಂಟಾಗುತ್ತದೆ. ಹುತ್ತರಿಯ ರಾತ್ರಿ ಟ್ರಿಗರ್ ಒತ್ತಿದರೆ ಕುದುರೆ ಬಿದ್ದ ಸದ್ದು ಬಂದೂ ಗುಂಡು ಹಾರದಿದ್ದಾಗ ಎಲ್ಲರೂ ತೋಟೆಯನ್ನು ದೂರುತ್ತಾರೆ. ಆ ತೋಟೆಯ ಕೇಪನ್ನು ನೋಡಿದರೆ ಕಾರಣ ತಿಳಿಯುತ್ತದೆ: ಗುರುತು ಆಳವಾಗಿ ನಡುವಿನಲ್ಲಿದ್ದರೆ ತಪ್ಪು ತೋಟೆಯದು, ಉಗುರು ತಾಗಿದಂತೆ ಮೇಲೆ ಮೇಲೆ ಇದ್ದರೆ ಪಿನ್ನಿನ ಪೆಟ್ಟು ಸೋತಿದೆ. ಕೋವಿಗೆಂದೇ ಬರುವ ತೆಳುವಾದ ಖನಿಜ ಎಣ್ಣೆ ಸಾಕು, ಅದೂ ಬಟ್ಟೆಗೆ ಹಚ್ಚಿ ಬಟ್ಟೆಯಿಂದ ಸವರಬೇಕು. ಡಬ್ಬಿಯಿಂದ ನೇರವಾಗಿ ಹೊಯ್ಯುವುದಲ್ಲ. ಯಾಕೆಂದರೆ ಬಾಯಿ ಮೇಲಾಗಿ ನಿಲ್ಲಿಸಿದ ಕೋವಿಯಲ್ಲಿ ಹೆಚ್ಚಾದ ಎಣ್ಣೆಯೆಲ್ಲ ನಿಧಾನವಾಗಿ ಕೆಳಗಿಳಿದು, ಲಾಕ್‌ನ ಒಳಗೆ ಹಾದು, ಉಕ್ಕು ಮತ್ತು ಮರ ಕೂಡುವ ಜಾಗದಲ್ಲಿ ಸೇರುತ್ತದೆ. ವಾಲ್‌ನಟ್ ಮರ ಅಲ್ಲಿ ಕಪ್ಪಾಗಿ, ಮೆತ್ತಗಾಗಿ, ಪ್ರತಿ ಗುಂಡಿನ ಒದೆತಕ್ಕೂ ಸ್ವಲ್ಪ ಸ್ವಲ್ಪ ಕುಗ್ಗಿ, ಕೊನೆಗೆ ಹಿಡಿಯ ಹತ್ತಿರ ಸೀಳು ಬಿಡುತ್ತದೆ. ನಮ್ಮದರಲ್ಲಿ ಕಪ್ಪು ಬಣ್ಣ ಬಂದಿದೆ, ಸೀಳಿಲ್ಲ. ಹಿಂಭಾಗವನ್ನು ಮೂಗು ಕೆಳಗಾಗಿ ಹಳೆಯ ಬಟ್ಟೆಯ ಮೇಲೆ ಒರಗಿಸಿ ಇಟ್ಟಾಗ ಮರುದಿನ ಬಟ್ಟೆಯ ಮೇಲೆ ಜೇನಿನ ಬಣ್ಣದ ದೊಡ್ಡ ಮಚ್ಚೆ ಇಳಿದಿತ್ತು.

ಮರಕ್ಕೆ ಅಗಸೆ ಎಣ್ಣೆಯ ಒಂದೆರಡು ಹನಿ ಅಂಗೈಯಲ್ಲಿ ತೀಡಿ ಹಚ್ಚಿದೆವು. ಆ ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ ತಾನಾಗಿಯೇ ಬೆಂಕಿ ಹಿಡಿಯುವುದುಂಟು. ನೀರಿನಲ್ಲಿ ನೆನೆಸಿ, ಇಲ್ಲವೇ ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು.

ತೋಟೆಗಳು

ಕೋವಿ ಬೀರು ಸೇರಿದ ಮೇಲೆ ತೋಟೆಯ ಪೆಟ್ಟಿಗೆ ತೆರೆದೆವು. ಕೋವಿಗಿಂತ ಹೆಚ್ಚಿನ ಅಪಾಯ ಅಡಗಿರುವುದು ಈ ಪೆಟ್ಟಿಗೆಯಲ್ಲಿ, ಆದರೂ ಜನ ಗಮನ ಕೊಡುವುದು ಇದಕ್ಕೆ ಕಡಿಮೆ.

ಮೊದಲು ಅಳತೆ. ನಳಿಗೆಯ ಅಡಿಯ ಚಪ್ಪಟೆ ಭಾಗದಲ್ಲಿ ಪರೀಕ್ಷಾ ಮುದ್ರೆಗಳಿರುತ್ತವೆ. ಬರ್ಮಿಂಗ್‌ಹ್ಯಾಮ್‌ನ ಕೋವಿಗಳಲ್ಲಿ ಕಿರೀಟದ ಕೆಳಗೆ ಎನ್‌ಪಿ ಅಕ್ಷರಗಳಿದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎಂದರ್ಥ. ಅದಿಲ್ಲದ ಕೋವಿ, ಅದರಲ್ಲೂ ಹಾವಿನ ಮೈಯಂಥ ಸುರುಳಿ ಚಿತ್ತಾರವಿರುವ ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಈಗಿನ ತೋಟೆಯನ್ನು ಅದಕ್ಕೆ ಹಾಕಬಾರದು. ಆಮೇಲೆ ಚೇಂಬರಿನ ಉದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎರಡೂವರೆ ಇಂಚು, ರೂಢಿಯಲ್ಲಿ 65 ಮಿಲಿಮೀಟರ್ ಎನ್ನುವ ಅಳತೆ ಇರುವುದು ಸಾಮಾನ್ಯ. ಈಗ ಸಿಗುವ ತೋಟೆಗಳಲ್ಲಿ ಹೆಚ್ಚಿನವು 70 ಮಿಲಿಮೀಟರಿನವು. ಹೊಸಬರು ಮೋಸಹೋಗುವುದು ಇಲ್ಲಿ: 70ರ ತೋಟೆ 65ರ ಚೇಂಬರಿನೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ತೋಟೆಯ ಮೇಲೆ ಬರೆದ ಉದ್ದ ಹೊಡೆದ ನಂತರದ್ದು. ಮಡಿಸಿದ ಬಾಯಿ ಗುಂಡು ಹಾರುವಾಗ ಬಿಚ್ಚಿಕೊಂಡು ಚೇಂಬರಿನ ಆಚೆಯ ಇಕ್ಕಟ್ಟಿಗೆ ನುಗ್ಗುತ್ತದೆ, ಚರೆ ಹೋಗುವ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿಯಾದ ತೋಟೆ ಎಂದಲ್ಲ.

ಒಂದಕ್ಕಿಂತ ಹೆಚ್ಚು ಕೋವಿ ಇರುವ ಮನೆಗಳಲ್ಲಿ ಇದಕ್ಕಿಂತ ಭೀಕರವಾದ ಸಂಗತಿ ಇನ್ನೊಂದಿದೆ. ಸಣ್ಣ ಅಳತೆಯ 20 ಬೋರ್‌ನ ತೋಟೆ 12 ಬೋರ್‌ನ ಚೇಂಬರಿನೊಳಗೆ ಜಾರಿ, ಮುಂದಿನ ಇಕ್ಕಟ್ಟಿನಲ್ಲಿ ಸಿಕ್ಕಿ ನಿಲ್ಲುತ್ತದೆ. ಹಿಂದಿನಿಂದ ನೋಡಿದವರಿಗೆ ಚೇಂಬರ್ ಖಾಲಿ ಕಾಣುತ್ತದೆ, ಅವರು 12ರ ತೋಟೆಯನ್ನು ಹಾಕಿ ಹೊಡೆದರೆ ಎರಡೂ ಒಟ್ಟಿಗೆ ಸಿಡಿದು ನಳಿಗೆ ಒಡೆಯುತ್ತದೆ. 20 ಬೋರ್ ತೋಟೆಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದೇ ಕಾರಣಕ್ಕೆ. ಆದರೆ ಹಳೆಯ ಕಾಗದದ ತೋಟೆಗಳಲ್ಲಿ ಬಣ್ಣವನ್ನು ನಂಬುವಂತಿಲ್ಲ. ಬೇರೆ ಬೇರೆ ಬೋರ್‌ಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಯೇ ಇಡಬೇಕು.

ನಮ್ಮ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದದ ತೋಟೆಗಳು ತೇವ ಹೀರಿ ಊದಿದ್ದವು; ಹಿತ್ತಾಳೆಯ ತಲೆಯ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಇಂಥವನ್ನು ಚಾಕುವಿನಿಂದ ಹೆರೆದು ಚೇಂಬರಿಗೆ ಒತ್ತಿ ಕೂರಿಸುವವರಿದ್ದಾರೆ. ಹಾಗೆ ಕೂತ ತೋಟೆ ಹೊಡೆದರೂ ಹೊರಬರುವುದಿಲ್ಲ, ಹೊಡೆಯದಿದ್ದರಂತೂ ಜೀವಂತ ತೋಟೆಯನ್ನು ಕಡ್ಡಿಯಿಂದ ನೂಕುವ ಸ್ಥಿತಿ ಬರುತ್ತದೆ. ಅವನ್ನೆಲ್ಲ ಬೇರೆ ಮಾಡಿ, ಪರವಾನಗಿ ಇರುವ ವ್ಯಾಪಾರಿಗೆ ಒಪ್ಪಿಸಲೆಂದು ಎತ್ತಿಟ್ಟೆವು. ಒಲೆಗೆ ಹಾಕುವುದು, ತೋಟದಲ್ಲಿ ಹೂಳುವುದು, ಕೆರೆಗೆ ಎಸೆಯುವುದು ಯಾವುದೂ ವಿಲೇವಾರಿಯಲ್ಲ.

ಪೆಟ್ಟಿಗೆಯ ತಳದಲ್ಲಿ ಕೆಲವು ಪೂರ್ತಿ ಹಿತ್ತಾಳೆಯ ತೋಟೆಗಳೂ ಇದ್ದವು, ಎಂದೋ ಯಾರೋ ಕೈಯಲ್ಲಿ ಮದ್ದು ತುಂಬಿ ಮೇಣ ಹಚ್ಚಿದಂಥವು. ತೋಟೆ ಸಿಗುವುದು ಕಷ್ಟವಾಗಿದ್ದ ಕಾಲದಲ್ಲಿ ಹೀಗೆ ತುಂಬುವವರಿದ್ದರು. ಈಗಲೂ ಖರ್ಚು ಉಳಿಯುತ್ತದೆ ಎಂದು ತರುಣರು ಕೇಳುತ್ತಾರೆ. ಕಾನೂನು ಒಪ್ಪುವುದಿಲ್ಲ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಆ ತೋಟೆಗಳಲ್ಲೇ ಇತ್ತು. ಹೊರಗಿನಿಂದ ನೋಡಿದರೆ ಒಳಗಿರುವುದು ಕರಿಮದ್ದೋ ಹೊಗೆರಹಿತ ಮದ್ದೋ ತಿಳಿಯುವುದಿಲ್ಲ. ಎರಡರ ಬಲಕ್ಕೂ ಅಜಗಜಾಂತರ. ಒಂದರ ಅಳತೆಯ ಚಮಚದಲ್ಲಿ ಇನ್ನೊಂದನ್ನು ತುಂಬಿದರೆ ಕೋವಿ ಕೈಯಲ್ಲೇ ಸಿಡಿಯುತ್ತದೆ. ಮದ್ದು ತೇವವಾಗಿದ್ದರೆ, ಕಡಿಮೆ ಬಿದ್ದಿದ್ದರೆ, ಕೇಪಿನ ಬಲ ಮಾತ್ರ ವಾಡನ್ನು ನಳಿಗೆಯ ಅರ್ಧಕ್ಕೆ ತಳ್ಳಿ ನಿಲ್ಲಿಸುತ್ತದೆ. ಹೊಡೆಯುವವರಿಗೆ ಕೇಳುವುದು ಡಬ್ ಎಂಬ ಮಂದ ಸದ್ದು, ಭುಜಕ್ಕೆ ತಿಳಿಯುವುದು ಸೋತ ಒದೆತ. ಪಂದ್ಯದ ಗದ್ದಲದಲ್ಲಿ ಅದನ್ನು ಗಮನಿಸದೆ ಇನ್ನೊಂದು ತೋಟೆ ಹಾಕಿ ಹೊಡೆದರೆ ನಳಿಗೆ ಆ ಜಾಗದಲ್ಲಿ ಉಬ್ಬುತ್ತದೆ ಅಥವಾ ಸೀಳುತ್ತದೆ. ಕಾರ್ಖಾನೆಯ ತೋಟೆಯೂ ಮಳೆಗಾಲ ಕಂಡು ಹಳೆಯದಾದರೆ ಹೀಗಾಗಬಹುದು, ಆದ್ದರಿಂದ ಈ ಎರಡು ಸೂಚನೆಗಳನ್ನು ಪ್ರತಿಯೊಬ್ಬರೂ ಕಲಿಯಬೇಕು: ಸದ್ದಾಗಲಿ ಒದೆತವಾಗಲಿ ಮಾಮೂಲಿನಂತಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಕೋವಿ ಮುರಿದು, ತೋಟೆ ತೆಗೆದು, ನಳಿಗೆಯ ಮೂಲಕ ಆಕಾಶ ಕಾಣುತ್ತದೆಯೇ ಎಂದು ನೋಡಬೇಕು. ಗುಂಡು ಹಾರಲೇ ಇಲ್ಲ ಎಂದಾದರೆ, ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾದ ನಂತರವೇ ಮುರಿಯಬೇಕು. ಕೇಪು ತಡವಾಗಿ ಹೊತ್ತುವುದುಂಟು. ಆ ಹಿತ್ತಾಳೆಯ ತೋಟೆಗಳನ್ನು ಬಿಚ್ಚಿ ನೋಡುವ ಆಸೆ ಇಬ್ಬರಿಗೂ ಇತ್ತು. ಬಿಚ್ಚಲಿಲ್ಲ, ಊದಿದ ತೋಟೆಗಳ ಜೊತೆಗೇ ಸೇರಿಸಿದೆವು.

ಹಬ್ಬದ ದಿನ ಮತ್ತು ಆಮೇಲೆ

ಕೈಲ್ ಮುಹೂರ್ತದಂದು ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪ ತೂಗುವ ನಡುಮನೆಯಲ್ಲಿ) ಕೋವಿ ಇಟ್ಟು, ಗಂಧ ಕುಂಕುಮ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸುವುದು ಪದ್ಧತಿ. ಪೂಜೆ ಮುಗಿದು ಪಂದ್ಯಕ್ಕೆ ಹೊರಡುವ ಗಡಿಬಿಡಿಯಲ್ಲಿ ಹೂವನ್ನು ಕಿತ್ತರೂ ತೊಟ್ಟು ಮುರಿದು ಒಳಗೆ ಉಳಿಯುವುದುಂಟು. ನಳಿಗೆಗೆ ತಡೆಯಾಗಲು ಅಷ್ಟೂ ಬೇಕಾಗಿಲ್ಲ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಕೋವಿಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಹೊರಡುವ ಮುಂಚೆ ಕಡ್ಡಿಯ ತುದಿಗೆ ಒಣ ಬಟ್ಟೆ ಸುತ್ತಿ ಎರಡೂ ನಳಿಗೆಗಳಲ್ಲಿ ಒಮ್ಮೆ ಪೂರ್ತಿ ಹಾಯಿಸಿದರೆ ಎರಡಕ್ಕೂ ಪರಿಹಾರ, ಮತ್ತು ನಳಿಗೆಯಲ್ಲಿದ್ದ ಎಣ್ಣೆಯೂ ಹೊರಬರುತ್ತದೆ. ಗಂಧವನ್ನು ಅದೇ ದಿನ ಸಂಜೆ ಒದ್ದೆ ಬಟ್ಟೆಯಿಂದ ತೆಗೆದು, ಒಣಗಿಸಿ, ಎಣ್ಣೆ ಸವರಬೇಕು. ಒಣಗಿದ ಗಂಧ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕೋವಿಯ ಲಿವರ್ ಹತ್ತಿರ ಗುಂಡಗಿನ ಹಳೆಯ ತುಕ್ಕಿನ ಕಲೆ ಇರುವುದು ಸರಿಯಾಗಿ ಬೊಟ್ಟು ಇಡುವ ಜಾಗದಲ್ಲಿಯೇ.

ಇನ್ನು ಇಡುವ ಬಗೆ. ಚರ್ಮದ ಚೀಲ ಅಥವಾ ಫೆಲ್ಟ್ ಒಳಪದರದ ಪೆಟ್ಟಿಗೆ ಪ್ರಯಾಣಕ್ಕೆ ಸರಿ, ಮಳೆಗಾಲಕ್ಕೆ ಅಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 60 ಶೇಕಡಾ ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ, ನಮ್ಮ ಜುಲೈ ಅದಕ್ಕಿಂತ ಎಷ್ಟೋ ಮೇಲೆ. ಚರ್ಮವೂ ಫೆಲ್ಟೂ ಆ ತೇವವನ್ನು ಹೀರಿ ಉಕ್ಕಿನ ಮೈಗೆ ಒತ್ತಿ ಹಿಡಿಯುತ್ತವೆ. ಬೀಗವಿರುವ ಉಕ್ಕಿನ ಬೀರುವಿನಲ್ಲಿ, ಚೀಲವಿಲ್ಲದೆ, ಗೋಡೆಗೆ ತಾಗದಂತೆ, ಮೊದಲ ಕೆಲವು ದಿನ ಬಾಯಿ ಕೆಳಗಾಗಿ ನಿಲ್ಲಿಸಿದೆವು. ಪಕ್ಕದಲ್ಲಿ ಸಿಲಿಕಾ ಜೆಲ್ ಚೀಲಗಳಿವೆ. ಅವು ಬಣ್ಣ ಬದಲಿಸಿದ ಕೂಡಲೇ ಸುಮಾರು 120 ಡಿಗ್ರಿಯಲ್ಲಿ ಮತ್ತೆ ಒಣಗಿಸಬೇಕು. ಒಮ್ಮೆ ಇಟ್ಟು ಮರೆತರೆ ಅವು ಬರೀ ಒದ್ದೆ ಕಲ್ಲುಗಳು. ಕಾಫಿಯನ್ನು ಮೂಟೆ ಕಟ್ಟುವ ಮುಂಚೆ ತೇವಾಂಶ ಅಳೆದು ನೋಡುವವರು ನಾವು, ಬೀರುವಿನೊಳಗೊಂದು ಸಣ್ಣ ತೇವಮಾಪಕ ಇಡುವುದು ಕಷ್ಟವಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರತೆಗೆದು, ಒರೆಸಿ, ಹೊಸ ಎಣ್ಣೆ ಸವರಿ ಇಡುವ ಕೆಲಸವನ್ನು ಈಗ ಹಿರಿಯವನು ವಹಿಸಿಕೊಂಡಿದ್ದಾನೆ.

ಮುಂದಿನ ಮರ ಕಳಚಿ, ನಳಿಗೆ ಮುಚ್ಚಿದ ಸ್ಥಿತಿಯಲ್ಲಿ ಬೆಳಕಿಗೆ ಹಿಡಿದಾಗ ನಳಿಗೆಯ ಹಿಂತುದಿಗೂ ಅದು ಒರಗುವ ಗೋಡೆಗೂ ನಡುವೆ ಬಲಗಡೆ ಕೂದಲೆಳೆಯಷ್ಟು ಬೆಳಕು ಕಂಡಿತು, ಅಲುಗಾಡಿಸಿದರೆ ಕೈಗೆ ಸಣ್ಣ ಸಡಿಲವೂ ತಿಳಿಯಿತು. ಕೀಲು ಸವೆದಿದೆ. ಇದು ನಮ್ಮ ಮೇಜಿನ ಮೇಲೆ ಆಗುವ ಕೆಲಸವಲ್ಲ. ಈ ಸಲ ಅದನ್ನು ಪೂಜೆಗೆ ಮಾತ್ರ ಇಟ್ಟು, ಪಂದ್ಯಕ್ಕೆ ಒಯ್ಯದೆ, ಹುತ್ತರಿಯ ಮುಂಚೆ ಪರವಾನಗಿ ಇರುವ ರಿಪೇರಿಯವರಲ್ಲಿಗೆ ಕೊಂಡೊಯ್ಯುವುದೆಂದು ನಿಶ್ಚಯಿಸಿದ್ದೇವೆ. ಗುಳಿಗಳ ಜಾಗ, ಚೇಂಬರಿನ ಉದ್ದ, ಮುದ್ರೆಗಳ ನಕಲು, ಎಲ್ಲವನ್ನೂ ಬರೆದ ಪುಸ್ತಕವೂ ಜೊತೆಗೆ ಹೋಗುತ್ತದೆ.